ನಿಯಾಂಡರ್ತಾಲರು ನಮಗೆ ದಾಯಾದಿಗಳೋ, ಪೂರ್ವಜರೋ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಎಂಜಲಿನ ಮಾದರಿ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡ. ಅವನಲ್ಲಿ ಸುಮಾರು ಶೇ. 2ರಷ್ಟು ನಿಯಾಂಡರ್ತಾಲ್ ಅಂಶವಿದೆ ಎಂದು ವರದಿ ಬಂದಿದೆ. ಆ ಪ್ರಾಚೀನ ಮಾನವರು ಬೇರೆ ಪ್ರಭೇದ, ಸಂತತಿಯಿಲ್ಲದೆ ಅಳಿದುಹೋದರು ಎಂದೇ ನಾವು ಮಕ್ಕಳಿಗೆ ಪಾಠ ಮಾಡಿದ್ದು. ಬೇರೆ ಪ್ರಭೇದವಾದರೆ ಮಕ್ಕಳಾಗಿದ್ದು ಹೇಗೆ? ಚಿಂಪಾಂಜಿಗೂ ನಮಗೂ ಶೇ. 98ಕ್ಕಿಂತ ಹೆಚ್ಚು ಹೋಲಿಕೆ ಎನ್ನುತ್ತಾರೆ, ಇವರ ಪಾಲು ಬರೀ ಶೇ. 2 ಹೇಗಾಯಿತು? ಕೋವಿಡ್ ಜೋರಾಗಲು ಇವರೇ ಕಾರಣ ಎಂಬ ಸುದ್ದಿ ನಿಜವೇ? ಇವರು ನಮ್ಮ ಕಡೆಗೂ ಬಂದಿದ್ದರೇ?
(ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ಶೇಕಡಾ ಲೆಕ್ಕದಿಂದಲೇ ಶುರು ಮಾಡೋಣ. ಈ ವಿಷಯದಲ್ಲಿ ಬಹಳ ಜನ ಎಡವುವುದು ಅಲ್ಲೇ.

ಚಿಂಪಾಂಜಿಯ ಬಗ್ಗೆ ಹೇಳುವ ಶೇ. 98.8 ಎಂಬುದು ಹೋಲಿಕೆಯ ಲೆಕ್ಕ. ಎರಡು ಜೀನೋಮ್‌ಗಳನ್ನು, ಅಂದರೆ ಎರಡು ಜೀವಿಗಳ ಪೂರ್ತಿ ಡಿಎನ್‌ಎ ಬರಹವನ್ನು, ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರೆ ಎಷ್ಟು ಒಂದೇ ಆಗಿವೆ ಎಂಬುದನ್ನು ಅದು ಹೇಳುತ್ತದೆ. ಅದೇ ಲೆಕ್ಕ ಹಾಕಿದರೆ ನಿಯಾಂಡರ್ತಾಲರಿಗೂ ನಮಗೂ ಹೋಲಿಕೆ ಸುಮಾರು ಶೇ. 99.7. ಮಗನ ವರದಿಯ ಶೇ. 2 ಇದಲ್ಲ. ಅವನ ಜೀನೋಮ್‌ನ ಯಾವ ಭಾಗ ಯಾವ ಹಿರಿಯರ ಕಡೆಯಿಂದ ಬಂತು ಎಂಬ ಲೆಕ್ಕ ಅದು. ಒಟ್ಟು ಸುಮಾರು 300 ಕೋಟಿ ಅಕ್ಷರಗಳಲ್ಲಿ ಆರು ಕೋಟಿಯಷ್ಟು ನಿಯಾಂಡರ್ತಾಲ್ ಪೂರ್ವಜರ ಮೂಲಕ ಇಳಿದು ಬಂದಿವೆ ಎಂದು ಅರ್ಥ. ಆ ಆರು ಕೋಟಿಯಲ್ಲೂ ಹೆಚ್ಚಿನವು, ಬೇರೆ ಪೂರ್ವಜರಿಂದ ಬಂದಿದ್ದರೂ ಹಾಗೇ ಇರುತ್ತಿದ್ದವು. ಏನಾದರೂ ವ್ಯತ್ಯಾಸ ಮಾಡುವ ಅಕ್ಷರಗಳು ಅಲ್ಲೊಂದು ಇಲ್ಲೊಂದು ಅಷ್ಟೇ.

ಇನ್ನು ನಿಮ್ಮ ಪಾಠದ ವಿಷಯ. ನೀವು ಹೇಳಿಕೊಟ್ಟಿದ್ದು ಆ ಕಾಲಕ್ಕೆ ಸರಿಯಾಗಿಯೇ ಇತ್ತು. 1856ರಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್ ಹತ್ತಿರದ ನಿಯಾಂಡರ್ ಕಣಿವೆಯಲ್ಲಿ ಸುಣ್ಣಕಲ್ಲು ಗಣಿಯ ಕೆಲಸಗಾರರು ಫೆಲ್ಡ್‌ಹೋಫರ್ ಎಂಬ ಗುಹೆಯ ಮಣ್ಣು ತೆಗೆಯುವಾಗ ಮೂಳೆಗಳು ಸಿಕ್ಕವು. ಕರಡಿಯದಿರಬೇಕು ಎಂದುಕೊಂಡರು. ಅವು ಮನುಷ್ಯನವು, ಆದರೆ ಮಾಮೂಲಿ ಮನುಷ್ಯನವಲ್ಲ ಎಂದು ಗುರುತಿಸಿದವರು ಯೊಹಾನ್ ಕಾರ್ಲ್ ಫುಲ್‌ರಾಟ್. ಅವರೂ ನಿಮ್ಮ ಹಾಗೆ ಶಾಲಾ ಮೇಷ್ಟ್ರು. ಆಮೇಲೆ ವಿದ್ವಾಂಸರ ಜಗಳ ಶುರುವಾಯಿತು. ಸತ್ತುಬಿದ್ದ ಕೊಸಾಕ್ ಸೈನಿಕ ಎಂದರು ಒಬ್ಬರು. ಕಾಯಿಲೆಯಿಂದ ಮೂಳೆ ವಿಕಾರವಾದ ಮನುಷ್ಯ ಎಂದರು ಆ ಕಾಲದ ದೊಡ್ಡ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ. 1864ರಲ್ಲಿ ವಿಲಿಯಂ ಕಿಂಗ್ ಇದಕ್ಕೆ ಹೋಮೋ ನಿಯಾಂಡರ್ತಲೆನ್ಸಿಸ್ ಎಂದು ಪ್ರತ್ಯೇಕ ಪ್ರಭೇದದ ಹೆಸರು ಕೊಟ್ಟರು. ಬೆಲ್ಜಿಯಂ ಮತ್ತು ಜಿಬ್ರಾಲ್ಟರ್‌ನಲ್ಲಿ ಅದಕ್ಕೂ ಮೊದಲೇ ಇಂಥವೇ ಬುರುಡೆಗಳು ಸಿಕ್ಕಿದ್ದವು, ಆದರೆ ಯಾರಿಗೂ ಅವುಗಳ ಗುರುತು ಹತ್ತಿರಲಿಲ್ಲ.

ಬೆನ್ನು ಬಗ್ಗಿಸಿ, ಮಂಡಿ ಮಡಿಸಿ, ದೊಣ್ಣೆ ಹಿಡಿದು ನಡೆಯುವ ಆ ಕಾಡುಮನುಷ್ಯನ ಚಿತ್ರ ಬಂದದ್ದು ಫ್ರಾನ್ಸಿನಿಂದ. 1908ರಲ್ಲಿ ಲಾ ಶಾಪೆಲ್ ಓ ಸಾಂ ಎಂಬಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದನ್ನು ವಿವರಿಸಿದ ಮಾರ್ಸೆಲಾಂ ಬೂಲ್ ಇವರು ನೆಟ್ಟಗೆ ನಿಲ್ಲಲಾರದವರು ಎಂದು ಬರೆದುಬಿಟ್ಟರು. 1957ರಲ್ಲಿ ಇಬ್ಬರು ಅಂಗರಚನಾ ತಜ್ಞರು ಅದೇ ಮೂಳೆಗಳನ್ನು ಮತ್ತೆ ನೋಡಿದಾಗ, ಅದು ಸಂಧಿವಾತದಿಂದ ನರಳಿದ್ದ ಹಿರಿಯನೊಬ್ಬನ ಬೆನ್ನು ಎಂದು ಗೊತ್ತಾಯಿತು. ತಿದ್ದುಪಡಿ ಬಂದು 65 ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಗೋಡೆಗೆ ತೂಗುಹಾಕುವ ‘ಮಾನವನ ವಿಕಾಸ’ದ ಚಾರ್ಟಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಡಿಎನ್‌ಎ ಮೊದಲು ನಿಮ್ಮ ಪಾಠದ ಪರವಾಗಿಯೇ ಸಾಕ್ಷಿ ಹೇಳಿತು. 1997ರಲ್ಲಿ ಪ್ರಾಚೀನ ಡಿಎನ್‌ಎ ತಜ್ಞ ಸ್ವಾಂಟೆ ಪಾಬೊ ಮತ್ತು ಸಂಗಡಿಗರು ಅದೇ 1856ರ ಮೂಳೆಯಿಂದ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಡಿಎನ್‌ಎ ತೆಗೆದು ಓದಿದರು. ಇಂದು ಬದುಕಿರುವ ಯಾವ ಮನುಷ್ಯರ ಗುಂಪಿನೊಳಕ್ಕೂ ಅದು ಸೇರಲಿಲ್ಲ. ಸಂಬಂಧವಿಲ್ಲ, ಕೇಸ್ ಮುಗಿಯಿತು ಎಂದು ಬಹಳ ಮಂದಿ ತೀರ್ಮಾನಿಸಿದರು. ಆದರೆ ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಇಳಿಯುವಂಥದ್ದು. ಒಬ್ಬಾಕೆಗೆ ಬರೀ ಗಂಡುಮಕ್ಕಳಾದರೆ ಆಕೆಯ ಮೈಟೋಕಾಂಡ್ರಿಯಾ ಅಲ್ಲಿಗೇ ನಿಂತುಹೋಗುತ್ತದೆ, ಆಕೆಯ ಉಳಿದ ವಂಶವಾಹಿಗಳು ಮೊಮ್ಮಕ್ಕಳಲ್ಲಿ ಆರಾಮಾಗಿ ಮುಂದುವರಿಯುತ್ತವೆ. ಅದೊಂದೇ ಎಳೆ ಹಿಡಿದು ಇಡೀ ವಂಶದ ಕಥೆ ಹೇಳಲಾಗದು.

2010ರಲ್ಲಿ ಪೂರ್ತಿ ಜೀನೋಮ್‌ನ ಮೊದಲ ಕರಡು ಬಂತು. ಮುಖ್ಯವಾಗಿ ಕ್ರೊಯೇಷಿಯಾದ ವಿಂಡಿಯಾ ಗುಹೆಯ ಮೂರು ಮೂಳೆತುಂಡುಗಳಿಂದ ಓದಿದ್ದು. ಅದನ್ನು ಇಂದಿನ ಐದು ಜನರ ಜೀನೋಮ್ ಜೊತೆ ತಾಳೆ ನೋಡಿದರು: ಆಫ್ರಿಕಾದ ಸಾನ್ ಮತ್ತು ಯೊರುಬಾ ಸಮುದಾಯದ ತಲಾ ಒಬ್ಬರು, ಫ್ರಾನ್ಸ್‌ನವರೊಬ್ಬರು, ಚೀನಾದ ಹಾನ್ ಸಮುದಾಯದವರೊಬ್ಬರು, ಪಪುವಾ ನ್ಯೂಗಿನಿಯವರೊಬ್ಬರು. ಆಫ್ರಿಕಾದ ಇಬ್ಬರಿಗಿಂತ ಉಳಿದ ಮೂವರು ನಿಯಾಂಡರ್ತಾಲರಿಗೆ ಸ್ವಲ್ಪ ಹೆಚ್ಚು ಹತ್ತಿರ ಕಂಡರು. ಯುರೋಪಿನವರು ಹತ್ತಿರವಾದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ, ನಿಯಾಂಡರ್ತಾಲರು ಬಾಳಿದ ನೆಲ ಅದು. ಪಪುವಾದವರು? ಅಲ್ಲಿ ಅವರ ಸುಳಿವೇ ಇಲ್ಲ. ಹಾಗಾದರೆ ಬೆರಕೆ ನಡೆದದ್ದು, ಆಫ್ರಿಕಾದಿಂದ ಹೊರಟ ನಮ್ಮವರು ದಿಕ್ಕುದಿಕ್ಕಿಗೆ ಚದುರುವುದಕ್ಕೆ ಮೊದಲೇ, ಬಹುಶಃ ಪಶ್ಚಿಮ ಏಷ್ಯಾದಲ್ಲಿ.

ಇದಕ್ಕೊಂದು ಗಟ್ಟಿ ಆಕ್ಷೇಪವೂ ಬಂತು. ನಿಮ್ಮಂಥ ಮೇಷ್ಟ್ರು ಕೇಳಿಯೇ ಕೇಳುತ್ತೀರಿ ಎಂದು ಇಲ್ಲೇ ಹೇಳುತ್ತೇನೆ. ಹೋಲಿಕೆ ಇದ್ದ ಮಾತ್ರಕ್ಕೆ ಕೂಡಿಕೆ ಆಗಿರಲೇಬೇಕೇ? ಇಬ್ಬರಿಗೂ ಸಮಾನರಾದ ಪೂರ್ವಜರಿಂದ ಬಂದ ಹಳೆಯ ಡಿಎನ್‌ಎ ನಮ್ಮ ಒಂದು ಗುಂಪಿನಲ್ಲಿ ಮಾತ್ರ ಉಳಿದು, ಆ ಗುಂಪೇ ಆಫ್ರಿಕಾ ಬಿಟ್ಟು ಬಂದಿದ್ದರೆ? ಆಗ ಬೆರಕೆಯಿಲ್ಲದೆಯೂ ಇದೇ ಫಲಿತಾಂಶ ಬರುತ್ತದಲ್ಲ?

ಇದನ್ನು ಬಗೆಹರಿಸಿದ್ದು ತುಣುಕುಗಳ ಉದ್ದ. ಅಜ್ಜನ ಕಾಲದ ಹತ್ತು ಎಕರೆ ಹೊಲ ತಲೆಮಾರು ಕಳೆದಂತೆ ಹಿಸ್ಸೆಯಾಗಿ ಗುಂಟೆಗಳಿಗೆ ಇಳಿಯುತ್ತದಲ್ಲ, ಡಿಎನ್‌ಎಯದೂ ಅದೇ ಪಾಡು. ತಂದೆಯ ಕಡೆಯ ವರ್ಣತಂತು, ತಾಯಿಯ ಕಡೆಯ ವರ್ಣತಂತು ಪ್ರತಿ ತಲೆಮಾರಿನಲ್ಲೂ ತುಂಡಾಗಿ ಅದಲುಬದಲಾಗುತ್ತವೆ. ಬೆರಕೆ ಹತ್ತಿರದ ಕಾಲದ್ದಾದರೆ ನಿಯಾಂಡರ್ತಾಲ್ ತುಣುಕುಗಳು ಉದ್ದವಾಗಿ ಇರಬೇಕು, ಹಳೆಯದಾದರೆ ಸಣ್ಣದಾಗಿರಬೇಕು. ಸಮಾನ ಪೂರ್ವಜರ ಕಾಲದಿಂದ, ಅಂದರೆ ಐದಾರು ಲಕ್ಷ ವರ್ಷಕ್ಕೂ ಹಿಂದಿನಿಂದ ಬಂದಿದ್ದರೆ ಅವು ಪುಡಿಪುಡಿಯಾಗಿರಬೇಕಿತ್ತು. ನಮ್ಮಲ್ಲಿ ಸಿಗುವ ತುಣುಕುಗಳು ಅಷ್ಟು ಸಣ್ಣವಲ್ಲ. ಪೂರ್ತಿ ಮನವರಿಕೆಯಾದದ್ದು ಹಳೆಯ ಮನುಷ್ಯರ ಡಿಎನ್‌ಎ ಓದಿದ ಮೇಲೆ. ಪಶ್ಚಿಮ ಸೈಬೀರಿಯಾದ ಉಸ್ತ್ ಇಶಿಮ್ ಬಳಿ, ಇರ್ತಿಶ್ ನದಿಯ ದಂಡೆಯಲ್ಲಿ ಸಿಕ್ಕ ಒಂದು ತೊಡೆಮೂಳೆ ಸುಮಾರು 45,000 ವರ್ಷ ಹಳೆಯದು. ಆ ವ್ಯಕ್ತಿ ನಮ್ಮಂಥ ಆಧುನಿಕ ಮಾನವ. ಅವನಲ್ಲೂ ಶೇ. 2ರ ಆಸುಪಾಸಿನಷ್ಟೇ ನಿಯಾಂಡರ್ತಾಲ್ ಅಂಶ, ಆದರೆ ತುಣುಕುಗಳು ನಮ್ಮವಕ್ಕಿಂತ ತುಂಬಾ ಉದ್ದ. ಬೆರಕೆ ನಡೆದು ಆಗಿನ್ನೂ ಕೆಲವು ಸಾವಿರ ವರ್ಷಗಳಷ್ಟೇ ಆಗಿದ್ದವು.

ಇನ್ನೂ ಒಂದು ದವಡೆಯಿದೆ. ರೊಮೇನಿಯಾದ ಪೆಷ್ಟೆರಾ ಕು ವಾಸೆ ಎಂಬ ಗುಹೆಯಲ್ಲಿ 2002ರಲ್ಲಿ ಗುಹೆ ಹೊಕ್ಕವರಿಗೆ ಸಿಕ್ಕ ಕೆಳದವಡೆ ಅದು, ಸುಮಾರು 40,000 ವರ್ಷ ಹಳೆಯದು. ಗದ್ದದ ಆಕಾರ ನಮ್ಮಂತೆ, ಕಡೆಯ ಹಲ್ಲುಗಳು ಮಾತ್ರ ವಿಪರೀತ ದೊಡ್ಡವು. ಮೂಳೆ ನೋಡಿದ ಕೆಲವರು ಇದು ಬೆರಕೆ ಇರಬಹುದು ಎಂದು ಆಗಲೇ ಹೇಳಿದ್ದರು, ಉಳಿದವರು ಒಪ್ಪಿರಲಿಲ್ಲ. 2015ರಲ್ಲಿ ಡಿಎನ್‌ಎ ಓದಿದಾಗ ಶೇ. 6ರಿಂದ 9ರಷ್ಟು ನಿಯಾಂಡರ್ತಾಲ್ ಪಾಲು ಕಂಡಿತು. ಒಂದು ವರ್ಣತಂತುವಿನ ದೊಡ್ಡ ಭಾಗವೇ ಇಡಿಯಾಗಿ ಅವರ ಕಡೆಯದು. ತುಣುಕಿನ ಉದ್ದ ನೋಡಿ ಲೆಕ್ಕ ಹಾಕಿದರೆ, ಇವನಿಗಿಂತ ನಾಲ್ಕರಿಂದ ಆರು ತಲೆಮಾರು ಹಿಂದಿನ ಒಬ್ಬ ಹಿರಿಯ ಅಥವಾ ಹಿರಿಯಳು ನಿಯಾಂಡರ್ತಾಲ್. ಮುತ್ತಜ್ಜನ ಅಪ್ಪನೋ ಅಜ್ಜನೋ ಅನ್ನುವಷ್ಟು ಹತ್ತಿರ. ಇದನ್ನು ಕಂಡ ಮೇಲೂ ಕೂಡಿಕೆ ನಡೆದಿಲ್ಲ ಎನ್ನುವವರು ಈ ಕ್ಷೇತ್ರದಲ್ಲಿ ಉಳಿಯಲಿಲ್ಲ. ಈ ದವಡೆಯವನ ವಂಶ ಮಾತ್ರ ಮುಂದೆ ಬೆಳೆದಂತಿಲ್ಲ, ಇಂದಿನ ಯುರೋಪಿನವರಲ್ಲಿ ಅವನ ಕುರುಹು ಕಾಣುವುದಿಲ್ಲ.

ನಮ್ಮೆಲ್ಲರಿಗೂ ಪಾಲು ಕೊಟ್ಟ ಮುಖ್ಯ ಬೆರಕೆಯ ಕಾಲವನ್ನು 2024ರ ಒಂದು ದೊಡ್ಡ ಅಧ್ಯಯನ ಸುಮಾರು 50,500ರಿಂದ 43,500 ವರ್ಷಗಳ ಹಿಂದೆ ಎಂದು ಗುರುತಿಸಿದೆ. ಒಂದು ದಿನದ ಭೇಟಿಯಲ್ಲ, ಏಳು ಸಾವಿರ ವರ್ಷಗಳ ನೆರೆಹೊರೆ. ನಿಯಾಂಡರ್ತಾಲರು ಕಣ್ಮರೆಯಾದದ್ದು ಸುಮಾರು 40,000 ವರ್ಷಗಳ ಹಿಂದೆ.

ಆಫ್ರಿಕಾದವರಲ್ಲಿ ನಿಯಾಂಡರ್ತಾಲ್ ಪಾಲು ಸೊನ್ನೆ ಎಂದು ಹಳೆಯ ಲೇಖನಗಳಲ್ಲಿ ಓದಿರುತ್ತೀರಿ. ಅದೂ ಈಗ ತಿದ್ದುಪಡಿಯಾಗಿದೆ. ಯುರೋಪ್, ಏಷ್ಯಾಗಳಿಂದ ಮರಳಿ ಹೋದವರ ಮೂಲಕ ಅಲ್ಲಿಗೂ ಅಲ್ಪಸ್ವಲ್ಪ, ಶೇ. 0.3ರಷ್ಟು ತಲುಪಿದೆ ಎಂದು 2020ರಲ್ಲಿ ತಿಳಿಯಿತು.

ಈಗ ನಿಮ್ಮ ಅಸಲು ಪ್ರಶ್ನೆ: ಬೇರೆ ಪ್ರಭೇದವಾದರೆ ಮಕ್ಕಳಾಗಿದ್ದು ಹೇಗೆ?

ಕೂಡಿ ಫಲವಂತ ಸಂತಾನ ಪಡೆಯುವ ಜೀವಿಗಳು ಒಂದೇ ಪ್ರಭೇದ ಎಂಬುದು ಶಾಲೆಯ ವ್ಯಾಖ್ಯೆ. ಅದು ಒಳ್ಳೆಯ ವ್ಯಾಖ್ಯೆಯೇ, ಆದರೆ ಪ್ರಕೃತಿ ಅದಕ್ಕೆ ಸಹಿ ಹಾಕಿಲ್ಲ. ಹಿಮಕರಡಿ ಮತ್ತು ಕಂದು ಕರಡಿ ಎರಡು ಪ್ರಭೇದಗಳೆಂದು ಎಲ್ಲರೂ ಒಪ್ಪುತ್ತಾರೆ, ಆದರೂ ಅವುಗಳ ಬೆರಕೆ ಮರಿಗಳು ಬೆಳೆದು ಮರಿ ಹಾಕುತ್ತವೆ. ಎರಡು ಗುಂಪುಗಳು ಬೇರ್ಪಡುವುದು ಲಕ್ಷಾಂತರ ವರ್ಷಗಳ ಕೆಲಸ. ನಾವೂ ನಿಯಾಂಡರ್ತಾಲರೂ ಆ ಕೆಲಸದ ನಡುವೆ ಎದುರುಬದುರಾದೆವು. ಬಾಗಿಲು ಅರ್ಧ ಮುಚ್ಚಿತ್ತು, ಚಿಲಕ ಬಿದ್ದಿರಲಿಲ್ಲ.

ಅರ್ಧ ಮುಚ್ಚಿತ್ತು ಎನ್ನಲು ಆಧಾರವಿದೆ. ನಮ್ಮ ಜೀನೋಮ್‌ನಲ್ಲಿ ನಿಯಾಂಡರ್ತಾಲ್ ತುಣುಕುಗಳು ಎಲ್ಲೆಡೆ ಸಮನಾಗಿ ಹರಡಿಲ್ಲ. ಎಕ್ಸ್ ವರ್ಣತಂತುವಿನಲ್ಲಿ ತೀರಾ ಕಡಿಮೆ. ಮಾತಿನ ಸಾಮರ್ಥ್ಯದೊಂದಿಗೆ ನಂಟಿರುವ ಫಾಕ್ಸ್‌ಪಿ2 ವಂಶವಾಹಿಯ ಸುತ್ತಮುತ್ತ ಸೇರಿದಂತೆ ಕೆಲವು ದೊಡ್ಡ ಭಾಗಗಳಲ್ಲಿ ಯಾರಲ್ಲೂ ಅವು ಕಾಣುವುದಿಲ್ಲ. ಬಂದವು, ಆದರೆ ನಿಲ್ಲಲಿಲ್ಲ. ತಲೆಮಾರುಗಳಲ್ಲಿ ನಿಸರ್ಗದ ಆಯ್ಕೆ ಅವನ್ನು ಕಳೆದುಹಾಕಿತು. ಅವರ ಸಂಖ್ಯೆ ಚಿಕ್ಕದಿದ್ದದ್ದೂ ಇದಕ್ಕೆ ಕಾರಣ. ಚಿಕ್ಕ ಗುಂಪುಗಳಲ್ಲಿ ಸಣ್ಣಪುಟ್ಟ ಹಾನಿಯ ರೂಪಾಂತರಗಳು ಶೇಖರವಾಗುತ್ತಾ ಹೋಗುತ್ತವೆ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಾಲ್ ಹೆಂಗಸಿನ ತಂದೆತಾಯಿ, ಮಲ ಅಣ್ಣತಂಗಿಯಷ್ಟು ಹತ್ತಿರದ ರಕ್ತಸಂಬಂಧಿಗಳು. ಅದೇ ಬೆಟ್ಟಗಳ ಚಗಿರ್ಸ್ಕಾಯಾ ಗುಹೆಯಲ್ಲಿ ಒಬ್ಬ ತಂದೆ ಮತ್ತು ಹದಿಹರೆಯದ ಮಗಳ ಮೂಳೆಗಳು ಸಿಕ್ಕಿವೆ, ಡಿಎನ್‌ಎಯಿಂದಲೇ ಆ ಸಂಬಂಧ ಪತ್ತೆಯಾಯಿತು. ಅವರ ಗುಂಪು ಇಪ್ಪತ್ತರ ಆಸುಪಾಸಿನದು, ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆ ಗುಂಪುಗಳಿಂದ ಬಂದವರು ಎಂದು 2022ರ ಅಧ್ಯಯನ ಅಂದಾಜಿಸಿತು.

ಚಿಲಕ ಬಿದ್ದಿರಲಿಲ್ಲ ಎನ್ನಲು, ಅಲ್ಲೇ ಹತ್ತಿರದ ಡೆನಿಸೋವಾ ಗುಹೆಯ ಒಂದು ಚೂರು ಸಾಕು. ಎರಡೂವರೆ ಸೆಂಟಿಮೀಟರ್ ಉದ್ದದ, ಯಾವ ಪ್ರಾಣಿಯದೆಂದೇ ಹೇಳಲಾಗದ ಮೂಳೆಚೂರು ಅದು. ಎರಡು ಸಾವಿರಕ್ಕೂ ಹೆಚ್ಚು ಚೂರುಗಳ ಪ್ರೊಟೀನ್ ಪರೀಕ್ಷಿಸುತ್ತಾ ಹೋದಾಗ ಇದೊಂದು ಮನುಷ್ಯವರ್ಗದ್ದು ಎಂದು ಗೊತ್ತಾಯಿತು. ಜೀನೋಮ್ ಓದಿದರೆ ಅರ್ಧ ನಿಯಾಂಡರ್ತಾಲ್, ಅರ್ಧ ಡೆನಿಸೋವನ್! ಡೆನಿಸೋವನ್ನರು ಅದೇ ಗುಹೆಯ ಹೆಸರು ಪಡೆದ ಇನ್ನೊಂದು ಪ್ರಾಚೀನ ಮಾನವ ಗುಂಪು. ಸುಮಾರು 90,000 ವರ್ಷಗಳ ಹಿಂದಿನ, ಕನಿಷ್ಠ ಹದಿಮೂರು ವಯಸ್ಸಿನ ಹುಡುಗಿ. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್. ಆ ತಂದೆಯ ಹಿಂದಿನ ತಲೆಮಾರುಗಳಲ್ಲೂ ಒಬ್ಬರು ನಿಯಾಂಡರ್ತಾಲ್ ಇದ್ದರು. ಬೆರಕೆಯ ಮೊದಲ ತಲೆಮಾರಿನ ಮಗುವೇ ಕೈಗೆ ಸಿಕ್ಕಿತೆಂದರೆ, ಇಂಥದ್ದು ಅಪರೂಪವಾಗಿರಲಿಲ್ಲ ಎಂದೇ ಅರ್ಥ.

ಅವರಿಂದ ನಮಗೆ ಬಂದದ್ದಷ್ಟೇ ಅಲ್ಲ, ನಮ್ಮ ಕಡೆಯಿಂದ ಅವರಿಗೂ ಹೋಗಿದೆ, ಅದೂ ಬಹಳ ಹಿಂದೆ. ಕಡೆಗಾಲದ ನಿಯಾಂಡರ್ತಾಲ್ ಗಂಡಸರ ವೈ ವರ್ಣತಂತು ಡೆನಿಸೋವನ್ನರದಕ್ಕಿಂತ ನಮ್ಮದಕ್ಕೆ ಹತ್ತಿರ ಎಂದು 2020ರಲ್ಲಿ ಗೊತ್ತಾಯಿತು. ನಮ್ಮ ವಂಶದ ಯಾವುದೋ ಶಾಖೆಯಿಂದ ಹೋದ ವೈ ಅವರಲ್ಲಿದ್ದ ಹಳೆಯದನ್ನು ಪೂರ್ತಿ ತಳ್ಳಿ ತಾನೇ ನೆಲೆಯೂರಿದೆ.

ಹಾಗಾದರೆ ದಾಯಾದಿಗಳೋ, ಪೂರ್ವಜರೋ? ಮುಖ್ಯ ಕವಲಿನ ಲೆಕ್ಕದಲ್ಲಿ ದಾಯಾದಿಗಳು. ಆ ಶೇ. 2ರ ಲೆಕ್ಕದಲ್ಲಿ, ಮಾತಿಗಲ್ಲ, ನಿಜವಾಗಿಯೂ ನಿಮ್ಮ ಮಗನ ಅಜ್ಜಅಜ್ಜಿಯರು. ಪ್ರಭೇದ ಒಂದೋ ಎರಡೋ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ನಾನು ಅನುಕೂಲಕ್ಕೆ ಬೇರೆ ಹೆಸರನ್ನೇ ಬಳಸುತ್ತೇನೆ. ಮನುಷ್ಯರೇ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಇರಾಕಿನ ಕುರ್ದಿಸ್ತಾನದ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ಪುರಾತತ್ವಜ್ಞ ರಾಲ್ಫ್ ಸೊಲೆಕಿ ಅವರಿಗೆ ಸಿಕ್ಕ ಗಂಡಸಿನ ಅಸ್ಥಿಪಂಜರವನ್ನೇ ನೋಡಿ. ಎಡಗಣ್ಣಿನ ಬದಿ ಏಟು ಬಿದ್ದು ಜಜ್ಜಿದೆ. ಬಲಗೈ ಒಣಗಿ ಸಣ್ಣಗಾಗಿದೆ, ಮೊಣಕೈಯಿಂದ ಕೆಳಗಿನ ಭಾಗವೇ ಇಲ್ಲ. ಕಿವಿಯ ನಾಳದಲ್ಲಿ ಮೂಳೆ ಬೆಳೆದಿದೆ, ಕೇಳಿಸುತ್ತಿದ್ದದ್ದು ಅಷ್ಟಕ್ಕಷ್ಟೇ. ಗಾಯಗಳೆಲ್ಲ ಮಾಗಿವೆ. ಬೇಟೆಯಾಡಿ ಬದುಕುವ ಜನರ ನಡುವೆ ಈತ ಇದೆಲ್ಲ ಆದ ಮೇಲೂ ವರ್ಷಗಟ್ಟಲೆ ಬದುಕಿ ನಲವತ್ತು ದಾಟಿದ್ದಾನೆ. ಯಾರೋ ಊಟ ಕೊಟ್ಟಿದ್ದಾರೆ, ಕಾದಿದ್ದಾರೆ.

ಕೋವಿಡ್ ಸುದ್ದಿಯಲ್ಲಿ ಹುರುಳಿದೆ, ಶೀರ್ಷಿಕೆಯಲ್ಲಿ ಇಲ್ಲ. 2020ರಲ್ಲಿ ಹ್ಯೂಗೊ ಜೆಬರ್ಗ್ ಮತ್ತು ಪಾಬೊ, ಮೂರನೇ ವರ್ಣತಂತುವಿನ ಸುಮಾರು 50,000 ಅಕ್ಷರಗಳ ಒಂದು ತುಣುಕನ್ನು ಗುರುತಿಸಿದರು. ಅದನ್ನು ಹೊತ್ತವರಿಗೆ ಕೋವಿಡ್ ಬಂದರೆ ಉಲ್ಬಣಿಸಿ ಆಸ್ಪತ್ರೆ ಸೇರುವ ಸಾಧ್ಯತೆ ಒಂದೂವರೆ ಪಟ್ಟಿಗೂ ಹೆಚ್ಚು. ಅದು ವಿಂಡಿಯಾ ಗುಹೆಯ ನಿಯಾಂಡರ್ತಾಲ್ ಜೀನೋಮ್‌ನಲ್ಲೂ ಇದೆ. ನಮಗೆ ಇದು ಮುಖ್ಯ, ಏಕೆಂದರೆ ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನ ಇದರ ಒಂದು ಪ್ರತಿಯನ್ನಾದರೂ ಹೊತ್ತಿದ್ದಾರೆ, ಬಾಂಗ್ಲಾದೇಶದಲ್ಲಿ ಶೇ. 63. ಯುರೋಪಿನಲ್ಲಿ ಶೇ. 16ರಷ್ಟು, ಪೂರ್ವ ಏಷ್ಯಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಷ್ಟೊಂದು ಏರುಪೇರು ಬರೀ ಆಕಸ್ಮಿಕವಲ್ಲ, ನಮ್ಮ ಭಾಗದ ಯಾವುದೋ ಹಳೆಯ ಸೋಂಕಿನ ವಿರುದ್ಧ ಇದು ನೆರವಾಗಿರಬೇಕು ಎಂಬ ಊಹೆಯಿದೆ. ಇದೇ ತುಣುಕು ಇದ್ದವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಕಾಲುಭಾಗ ಕಡಿಮೆ ಎಂದು 2022ರಲ್ಲಿ ಜೆಬರ್ಗ್ ತೋರಿಸಿದರು. ಹನ್ನೆರಡನೇ ವರ್ಣತಂತುವಿನಲ್ಲಿ ಇನ್ನೊಂದು ನಿಯಾಂಡರ್ತಾಲ್ ತುಣುಕಿದೆ, ಅದು ಕೋವಿಡ್ ಉಲ್ಬಣಿಸದಂತೆ ಕಾಯುತ್ತದೆ. ನಷ್ಟದ ಬಾಬ್ತು ಮಾತ್ರ ಪತ್ರಿಕೆಗೆ ಬಂತು, ಲಾಭದ್ದು ಬರಲಿಲ್ಲ. ಒಟ್ಟಿನಲ್ಲಿ ಕಾರಣ ವೈರಸ್ಸು. ಇದು ತೀವ್ರತೆಯನ್ನು ಏರಿಳಿಸುವ ಹಲವು ಅಂಶಗಳಲ್ಲಿ ಒಂದು, ಮತ್ತು ವಯಸ್ಸಿನ ಮುಂದೆ ಇದು ಚಿಕ್ಕದು.

ನಮ್ಮ ಕಡೆ ಬಂದಿದ್ದರೇ? ಅವರ ಮೂಳೆ ಸಿಕ್ಕಿರುವುದು ಪಶ್ಚಿಮದಲ್ಲಿ ಸ್ಪೇನ್, ಜಿಬ್ರಾಲ್ಟರ್‌ನಿಂದ ಪೂರ್ವದಲ್ಲಿ ಅಲ್ತಾಯ್‌ವರೆಗೆ; ನಮಗೆ ಹತ್ತಿರವೆಂದರೆ ಉಜ್ಬೇಕಿಸ್ತಾನದ ತೆಶಿಕ್ ತಾಶ್. ಭಾರತದಲ್ಲಿ ಒಂದೂ ಇಲ್ಲ. 1982ರಲ್ಲಿ ನರ್ಮದಾ ತೀರದ ಹಥ್ನೋರಾದಲ್ಲಿ ಅರುಣ್ ಸೊನಾಕಿಯಾ ಅವರಿಗೆ ಸಿಕ್ಕ ಬುರುಡೆಯ ಭಾಗ ಪ್ರಾಚೀನ ಮಾನವನದು ಹೌದು, ಅದು ಯಾವ ಕವಲಿನದು ಎಂಬ ವಾದ ಮುಗಿದಿಲ್ಲ. ನಮ್ಮ ಹುಣಸಗಿ ಕಣಿವೆಯ ಇಸಾಂಪುರದ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷಗಳ ಕಾಲ ಹೇಳಲಾಗಿದೆ, ನಿಯಾಂಡರ್ತಾಲರು ಹುಟ್ಟುವುದಕ್ಕೂ ಎಷ್ಟೋ ಹಿಂದಿನವು. ಆಂಧ್ರದ ಜ್ವಾಲಾಪುರಂನಲ್ಲಿ, ಧಾರವಾಡದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ, ಸುಮಾರು 74,000 ವರ್ಷಗಳ ಹಿಂದಿನ, ಇಂಡೊನೇಷ್ಯಾದ ತೋಬಾ ಜ್ವಾಲಾಮುಖಿಯ ಬೂದಿಯ ಮೇಲೂ ಕೆಳಗೂ ಕಲ್ಲಿನ ಉಪಕರಣಗಳನ್ನು ಕಂಡಿತು. ಮಾಡಿದವರು ನಮ್ಮಂಥವರೇ ಎಂದು ಆ ತಂಡ ವಾದಿಸಿತು, ಎಲ್ಲರೂ ಒಪ್ಪಿಲ್ಲ. ಮಾಡಿದ ಕೈ ಯಾರದೆಂದು ಕಲ್ಲು ಹೇಳುವುದಿಲ್ಲ. ನಮ್ಮ ಸೆಕೆಗೆ ಅಷ್ಟು ಹಳೆಯ ಡಿಎನ್‌ಎ ಉಳಿಯುವುದೂ ಕಷ್ಟ.

ಆದರೆ ನಮ್ಮ ಮೈಯೊಳಗೆ ಅವರಿರಲು ಅವರು ಇಲ್ಲಿಗೆ ಬರಬೇಕಾಗಿಯೇ ಇರಲಿಲ್ಲ. ಇಲ್ಲಿಗೆ ಮೊದಲು ಬಂದು ನೆಲೆಸಿದ ಬೇಟೆಗಾರರು, ಅನಂತರ ಇರಾನಿನ ಕಡೆಯವರೊಂದಿಗೆ ನಂಟಿದ್ದವರು, ಆಮೇಲೆ ಯುರೇಷ್ಯಾದ ಹುಲ್ಲುಗಾವಲಿನ ಕಡೆಯಿಂದ ಬಂದವರು, ಮೂರೂ ಪಂಗಡದವರು ಆ ಬೆರಕೆಯನ್ನು ಮೈಯಲ್ಲಿ ಹೊತ್ತೇ ಬಂದರು. 2,700ಕ್ಕೂ ಹೆಚ್ಚು ಭಾರತೀಯರ ಜೀನೋಮ್ ಓದಿದ ತಂಡವೊಂದು 2025ರಲ್ಲಿ ಪ್ರಕಟಿಸಿದಂತೆ, ಇವರೆಲ್ಲರಲ್ಲಿ ಚದುರಿರುವ ತುಣುಕುಗಳನ್ನು ಕೂಡಿಸಿದರೆ ನಿಯಾಂಡರ್ತಾಲ್ ಜೀನೋಮ್‌ನ ಸುಮಾರು ಅರ್ಧಭಾಗ ಜೋಡಿಸಬಹುದು. ಒಬ್ಬೊಬ್ಬರ ಪಾಲು ಒಂದೆರಡು ಶೇಕಡಾ, ಆದರೆ ಒಬ್ಬರಲ್ಲಿ ಇರುವ ಎಷ್ಟೋ ತುಣುಕುಗಳು ಇನ್ನೊಬ್ಬರಲ್ಲಿಲ್ಲ.

ಮಗನ ವರದಿಯಲ್ಲಿ ‘ನಮ್ಮ ಇಷ್ಟು ಗ್ರಾಹಕರಿಗಿಂತ ನಿಮ್ಮಲ್ಲಿ ಹೆಚ್ಚು’ ಎಂಬ ಸಾಲೂ ಇರಬಹುದು. ಅದಕ್ಕೆ ಬೀಗುವುದೂ ಬೇಡ, ಬೇಸರವೂ ಬೇಡ. ವ್ಯತ್ಯಾಸ ತೀರಾ ಅಲ್ಪ, ಅದರಿಂದ ಅವನ ಆರೋಗ್ಯದ ಬಗ್ಗೆ ಏನೂ ತಿಳಿಯುವುದಿಲ್ಲ. ತಂದೆತಾಯಿಯಿಂದ ಒಬ್ಬೊಬ್ಬ ಮಗುವಿಗೆ ಬೇರೆ ಬೇರೆ ತುಣುಕು ಹೋಗುವುದರಿಂದ, ಅವನ ಒಡಹುಟ್ಟಿದವರು ಯಾರಾದರೂ ಪರೀಕ್ಷೆ ಮಾಡಿಸಿದರೆ ಅಂಕಿ ಸ್ವಲ್ಪ ಬೇರೆಯೇ ಬರುತ್ತದೆ. ವರದಿ ತಪ್ಪು ಎಂದು ಕಂಪನಿಯವರ ಜೊತೆ ಜಗಳಕ್ಕೆ ಹೋಗಬೇಡಿ ಎಂದು ಈಗಲೇ ಹೇಳಿಡಿ.